ರೋವರ್ ಕಳಿಸಿದ ಚಿತ್ರಗಳಿಂದ ಟೈಮ್‌ಲ್ಯಾಪ್ಸ್ ವಿಡಿಯೋ ಮಾಡುವುದು ಹೇಗೆ?



2023ರ ಆಗಸ್ಟ್ 23ರಂದು ಸಂಜೆ 6 ಗಂಟೆ 4 ನಿಮಿಷಕ್ಕೆ ಚಂದ್ರಯಾನ-3ರ ವಿಕ್ರಮ್ ಲ್ಯಾಂಡರ್ ಚಂದ್ರನ ದಕ್ಷಿಣ ಧ್ರುವದ ಕಡೆಯ ನೆಲದ ಮೇಲೆ ಇಳಿಯಿತು. ಮರುದಿನ ಅದರ ಒಳಗಿನಿಂದ ಪ್ರಜ್ಞಾನ್ ರೋವರ್ ಹೊರಬಂತು. 26 ಕಿಲೋ ತೂಕ, ಆರು ಗಾಲಿಗಳ ಪುಟ್ಟ ಗಾಡಿ ಅದು. ಆ ವಾರ ನನ್ನ ಮೊಬೈಲಿಗೆ ಎರಡು ಬಗೆಯ ದೃಶ್ಯಗಳು ಬಂದವು. ಒಂದು, ಇಸ್ರೋ ಬಿಡುಗಡೆ ಮಾಡಿದ ವಿಡಿಯೋ. ರೋವರ್ ಇಳಿಜಾರು ಹಲಗೆಯ ಮೇಲಿಂದ ಮೆಲ್ಲಗೆ ನೆಲಕ್ಕಿಳಿಯುವುದನ್ನು ಲ್ಯಾಂಡರಿನ ಕ್ಯಾಮೆರಾ ಸೆರೆ ಹಿಡಿದಿತ್ತು. ಇನ್ನೊಂದು, ಕಂಪ್ಯೂಟರಿನಲ್ಲಿ ತಯಾರಾದ ಹೊಳೆಹೊಳೆಯುವ ದೃಶ್ಯಗಳು. ಚಂದ್ರನ ಮಣ್ಣಿನ ಮೇಲೆ ಅಶೋಕ ಲಾಂಛನ ಅಚ್ಚೊತ್ತಿದಂತೆ ಮೂಡಿದ್ದ ಒಂದು ಚಿತ್ರವಂತೂ ಊರೆಲ್ಲ ಓಡಾಡಿತು. ಅದು ಕಲಾವಿದರೊಬ್ಬರು ಮಾಡಿದ ಡಿಜಿಟಲ್ ಚಿತ್ರ, ರೋವರ್ ತೆಗೆದದ್ದಲ್ಲ.

ತರಗತಿಯಲ್ಲಿ ಆಗ ಕೇಳಿಬಂದ ಪ್ರಶ್ನೆ ಒಂದೇ: "ಮೇಡಂ, ಇದರಾಗ ಖರೆ ಯಾವುದು, ಸುಳ್ಳು ಯಾವುದು?" ಪ್ರತಿ ವಿಡಿಯೋಕ್ಕೂ ಉತ್ತರ ಹೇಳುತ್ತ ಕೂರಲು ಯಾರಿಂದಲೂ ಆಗುವುದಿಲ್ಲ. ಆದರೆ ನಿಜವಾದ ಚಿತ್ರಗಳನ್ನು ತಂದು ಒಮ್ಮೆ ಕೈಯಾರೆ ಟೈಮ್‌ಲ್ಯಾಪ್ಸ್ ಮಾಡಿದವರಿಗೆ ಯಾವ ವಿಡಿಯೋ ಕಂಡರೂ ಯಾವ ಪ್ರಶ್ನೆ ಕೇಳಬೇಕೆಂದು ತಾನಾಗಿ ತಿಳಿಯುತ್ತದೆ. ಅದಕ್ಕೆ ಈ ಪಾಠ. ಬೇಕಾದದ್ದು ಒಂದು ಮೊಬೈಲ್ ಅಥವಾ ಪ್ರಯೋಗಾಲಯದ ಕಂಪ್ಯೂಟರ್, ಇಂಟರ್ನೆಟ್ ಮತ್ತು ಸ್ವಲ್ಪ ತಾಳ್ಮೆ.

ಟೈಮ್‌ಲ್ಯಾಪ್ಸ್ ಎಂದರೇನು?

ಸಿನಿಮಾದಲ್ಲಿ ಸೆಕೆಂಡಿಗೆ 24 ಚಿತ್ರ ತೆಗೆಯುತ್ತಾರೆ, ಅದೇ ವೇಗದಲ್ಲಿ ತೋರಿಸುತ್ತಾರೆ. ಟೈಮ್‌ಲ್ಯಾಪ್ಸ್‌ನಲ್ಲಿ ಚಿತ್ರಗಳನ್ನು ನಿಧಾನವಾಗಿ, ಹತ್ತು ನಿಮಿಷಕ್ಕೊಂದು, ಗಂಟೆಗೊಂದು ಅಥವಾ ದಿನಕ್ಕೊಂದರಂತೆ ತೆಗೆದು ವೇಗವಾಗಿ ತೋರಿಸುತ್ತೇವೆ. ಲೆಕ್ಕ ಸರಳ. ಒಟ್ಟು ಫ್ರೇಮ್‌ಗಳನ್ನು ಸೆಕೆಂಡಿಗೆ ತೋರಿಸುವ ಫ್ರೇಮ್‌ಗಳಿಂದ ಭಾಗಿಸಿದರೆ ವಿಡಿಯೋದ ಅವಧಿ ಬರುತ್ತದೆ. 100 ಚಿತ್ರಗಳನ್ನು ಸೆಕೆಂಡಿಗೆ 10ರಂತೆ ತೋರಿಸಿದರೆ 10 ಸೆಕೆಂಡಿನ ವಿಡಿಯೋ.

ಇಲ್ಲಿ ಗಮನಿಸಬೇಕಾದ ಮುಖ್ಯ ಮಾತು ಒಂದಿದೆ. ಟೈಮ್‌ಲ್ಯಾಪ್ಸ್ ನಮಗೆ ಚಲನೆಯನ್ನು ತೋರಿಸುವುದಿಲ್ಲ. ಎರಡು ಚಿತ್ರಗಳ ನಡುವಿನ ವ್ಯತ್ಯಾಸವನ್ನು ಮಾತ್ರ ತೋರಿಸುತ್ತದೆ. ನಡುವೆ ಕಳೆದ ಹೊತ್ತು ವಿಡಿಯೋದಲ್ಲಿ ಕಾಣುವುದಿಲ್ಲ. ಆ ಹೊತ್ತು ಎಷ್ಟು ಎಂದು ಹೇಳುವ ಹೊಣೆ ವಿಡಿಯೋ ಮಾಡಿದವರದು.

ಪ್ರಜ್ಞಾನ್ ಹೇಗೆ ನಡೆಯಿತು?

ಪ್ರಜ್ಞಾನ್ ರೋವರಿನ ಮುಂಭಾಗದಲ್ಲಿ ನಮ್ಮ ಎರಡು ಕಣ್ಣುಗಳಂತೆ ಅಕ್ಕಪಕ್ಕ ಎರಡು ಕಪ್ಪು-ಬಿಳುಪು ಕ್ಯಾಮೆರಾಗಳಿದ್ದವು. ಅವುಗಳ ಹೆಸರು ನ್ಯಾವ್‌ಕ್ಯಾಮ್, ಅಂದರೆ ದಾರಿ ನೋಡುವ ಕ್ಯಾಮೆರಾ. ಅವನ್ನು ತಯಾರಿಸಿದ್ದು ಬೆಂಗಳೂರಿನಲ್ಲೇ ಇರುವ ಇಸ್ರೋದ ಲಿಯೋಸ್ ಪ್ರಯೋಗಾಲಯ. ಎಡ ಮತ್ತು ಬಲ ಚಿತ್ರಗಳು ಭೂಮಿಗೆ ಬಂದ ಮೇಲೆ ತಜ್ಞರು ಅವೆರಡನ್ನೂ ಹೋಲಿಸಿ ಮುಂದಿನ ನೆಲದ ಏರುತಗ್ಗುಗಳ ನಕ್ಷೆ ಮಾಡುತ್ತಿದ್ದರು. ಆ ನಕ್ಷೆಯಲ್ಲಿ ಸ್ಪಷ್ಟವಾಗಿ ಕಾಣುವುದು ಸುಮಾರು 5 ಮೀಟರ್ ಮಾತ್ರ. ಹಾಗಾಗಿ ಒಂದು ಸಲಕ್ಕೆ ಅಷ್ಟೇ ನಡಿಗೆ. ಮತ್ತೆ ನಿಲ್ಲು, ಚಿತ್ರ ತೆಗೆ, ಕಳಿಸು, ಅಪ್ಪಣೆಗೆ ಕಾಯಿ. ಆಗಸ್ಟ್ 27ರಂದು 3 ಮೀಟರ್ ಮುಂದೆ 4 ಮೀಟರ್ ಅಗಲದ ಕುಳಿ ಎದುರಾದಾಗ ಬಂದ ದಾರಿಗೇ ಹಿಂದಿರುಗುವಂತೆ ಅಪ್ಪಣೆ ಹೋಯಿತು.

ಸೆಪ್ಟೆಂಬರ್ 2ರಂದು ನಿದ್ರೆಗೆ ಜಾರುವ ಹೊತ್ತಿಗೆ ಪ್ರಜ್ಞಾನ್ ನಡೆದದ್ದು 100 ಮೀಟರಿಗಿಂತ ತುಸು ಹೆಚ್ಚು. ಅದರ ವೇಗ ಸೆಕೆಂಡಿಗೆ 1 ಸೆಂಟಿಮೀಟರ್. ನೀವೇ ಲೆಕ್ಕ ಹಾಕಿ: 100 ಮೀಟರ್ ಎಂದರೆ 10,000 ಸೆಂಟಿಮೀಟರ್, ಅದಕ್ಕೆ 10,000 ಸೆಕೆಂಡು. ಮೂರು ಗಂಟೆಯೂ ಆಗಲಿಲ್ಲ! ಸುಮಾರು ಹತ್ತು ದಿನಗಳಲ್ಲಿ ಉಳಿದ ಹೊತ್ತೆಲ್ಲ ನಿಂತು ನೋಡಿದ, ಮಣ್ಣು ಅಳೆದ, ಅಪ್ಪಣೆಗೆ ಕಾದ ಹೊತ್ತು. ನಿಂತು ತೆಗೆದ ಚಿತ್ರಗಳನ್ನಷ್ಟೇ ಜೋಡಿಸಿ ಓಡಿಸಿದರೆ ಪ್ರಜ್ಞಾನ್ ಓಡುವ ಕುದುರೆಯಂತೆ ಕಂಡೀತು.

ಮೂರು ವರ್ಷ, ಮೂರು ನಿಮಿಷ

ನಾಸಾದ ಆಪರ್ಚುನಿಟಿ ರೋವರ್ 2004ರ ಜನವರಿಯಲ್ಲಿ ಮಂಗಳ ಗ್ರಹಕ್ಕೆ ಇಳಿಯಿತು. 2008ರ ಸೆಪ್ಟೆಂಬರಿನಿಂದ 2011ರ ಆಗಸ್ಟ್‌ವರೆಗೆ ಅದು ವಿಕ್ಟೋರಿಯಾ ಎಂಬ ಕುಳಿಯಿಂದ ಎಂಡೆವರ್ ಎಂಬ ಕುಳಿಯವರೆಗೆ ಸುಮಾರು 21 ಕಿಲೋಮೀಟರ್ ಸಾಗಿತು. ನಡೆದ ಪ್ರತಿ ದಿನದ ಕೊನೆಗೆ ಒಂದು ಚಿತ್ರ ತೆಗೆಯಿತು. ಅಂಥ 309 ಚಿತ್ರಗಳನ್ನು ಜೋಡಿಸಿ ನಾಸಾ ಮೂರು ನಿಮಿಷದ ವಿಡಿಯೋ ಮಾಡಿತು.

ಪೇಪರ್ ತೆಗೆದುಕೊಂಡು ಮೂರು ಭಾಗಾಕಾರ ಮಾಡಿ. 21 ಕಿಲೋಮೀಟರನ್ನು 309ರಿಂದ ಭಾಗಿಸಿದರೆ ಚಿತ್ರದಿಂದ ಚಿತ್ರಕ್ಕೆ ಸರಾಸರಿ 68 ಮೀಟರ್. ಮೂರು ವರ್ಷದ ಸುಮಾರು 1095 ದಿನಗಳನ್ನು 309ರಿಂದ ಭಾಗಿಸಿದರೆ ಸರಾಸರಿ ಮೂರೂವರೆ ದಿನಕ್ಕೊಂದು ಚಿತ್ರ. ಇನ್ನು ಮೂರು ವರ್ಷ ಮೂರು ನಿಮಿಷವಾದರೆ, ನಾವು ನೋಡುವ ಒಂದೊಂದು ನಿಮಿಷಕ್ಕೂ ಒಂದು ವರ್ಷ. ವಿಡಿಯೋದಲ್ಲಿ ಕೇಳುವ ಸದ್ದು ಕೂಡ ಮಂಗಳದಲ್ಲಿ ಮೈಕ್ ಇಟ್ಟು ಹಿಡಿದದ್ದಲ್ಲ, ರೋವರಿನ ಕಂಪನ ಅಳೆಯುವ ಉಪಕರಣದ ಅಂಕಿಗಳಿಂದ ಮಾಡಿದ್ದು. ನಾಸಾ ಇದನ್ನೆಲ್ಲ ವಿಡಿಯೋದ ವಿವರಣೆಯಲ್ಲೇ ಹೇಳಿತ್ತು. ಅದಕ್ಕೇ ಅದು ದಾಖಲೆ ಆಯಿತು.

ರೋವರ್ ನೆರಳಿನ ಗಡಿಯಾರ ಆದಾಗ

2023ರ ನವೆಂಬರ್ 8ರಂದು ನಾಸಾದ ಕ್ಯೂರಿಯಾಸಿಟಿ ರೋವರ್ ಇಡೀ ದಿನ ಒಂದೇ ಕಡೆ ನಿಂತಿತ್ತು. ಅದಕ್ಕೆ ಅದು ಮಂಗಳದ 4002ನೆಯ ದಿನ. ಅಲ್ಲಿಯ ಸ್ಥಳೀಯ ಸಮಯ ಬೆಳಿಗ್ಗೆ 5.30ರಿಂದ ಸಂಜೆ 5.30ರವರೆಗೆ ಮುಂದಿನ ಮತ್ತು ಹಿಂದಿನ ಹ್ಯಾಜ್‌ಕ್ಯಾಮ್‌ಗಳು, ಅಂದರೆ ಅಡೆತಡೆ ನೋಡುವ ಕ್ಯಾಮೆರಾಗಳು, ಚಿತ್ರ ತೆಗೆದವು. ಒಂದೊಂದು ವಿಡಿಯೋದಲ್ಲಿ 25 ಫ್ರೇಮ್. 12 ಗಂಟೆಗೆ 25 ಚಿತ್ರ ಎಂದರೆ ನಡುವೆ 24 ಅಂತರಗಳು, ಅರ್ಧ ಗಂಟೆಗೊಂದು. ರೋವರ್ ಕದಲಲಿಲ್ಲ, ಕಲ್ಲು ಕದಲಲಿಲ್ಲ. ಕದಲಿದ್ದು ರೋವರಿನ ನೆರಳು ಮಾತ್ರ.

ಆದರೆ ಆ ಅರ್ಧ ಗಂಟೆ ನಮ್ಮ ಅರ್ಧ ಗಂಟೆಯಲ್ಲ. ಮಂಗಳದ ಒಂದು ದಿನಕ್ಕೆ 24 ಗಂಟೆ 39 ನಿಮಿಷ 35 ಸೆಕೆಂಡು. ಅದನ್ನು 24 ಸಮ ಭಾಗ ಮಾಡಿದರೆ ಮಂಗಳದ ಒಂದು ಗಂಟೆಗೆ ನಮ್ಮ 61 ನಿಮಿಷ 39 ಸೆಕೆಂಡು. ಯಾವ ಗಡಿಯಾರದ ಸಮಯ ಎಂದು ಬರೆಯದಿದ್ದರೆ ಲೆಕ್ಕ ತಪ್ಪುತ್ತದೆ.

ಎಷ್ಟು ಹೊತ್ತಿಗೊಂದು ಚಿತ್ರ ಬೇಕು ಎಂಬುದೂ ಜಾಗದ ಮೇಲೆ ನಿಂತಿದೆ. ಭೂಮಿಯ ಆಕಾಶದಲ್ಲಿ ಸೂರ್ಯ ಗಂಟೆಗೆ 15 ಡಿಗ್ರಿ ಸರಿಯುತ್ತಾನೆ. ಚಂದ್ರನಲ್ಲಿ ಒಂದು ಹಗಲು-ರಾತ್ರಿಗೆ ನಮ್ಮ 29.5 ದಿನ ಬೇಕು, ಅಲ್ಲಿ ಸೂರ್ಯ ಗಂಟೆಗೆ ಸರಿಯುವುದು ಸುಮಾರು ಅರ್ಧ ಡಿಗ್ರಿ. ನಮ್ಮಲ್ಲಿ ಅರ್ಧ ಗಂಟೆಯಲ್ಲಿ ಕಾಣುವ ಸೂರ್ಯನ ಸರಿತಕ್ಕೆ ಚಂದ್ರನಲ್ಲಿ ಸುಮಾರು 15 ಗಂಟೆ ಕಾಯಬೇಕು.

ಮಾಡುವ ಕ್ರಮ

ಚಂದ್ರಯಾನದ ದತ್ತಾಂಶವನ್ನು ಬೆಂಗಳೂರಿನ ಹತ್ತಿರ ಬ್ಯಾಲಾಳಿನಲ್ಲಿರುವ ಇಸ್ರೋ ಕೇಂದ್ರ 'ಪ್ರದಾನ್' ಎಂಬ ಜಾಲತಾಣದ ಮೂಲಕ ಕೊಡುತ್ತದೆ. ಕಲಿಯುವವರಿಗೆ ಮೊದಲು ಸುಲಭವಾದದ್ದು ನಾಸಾದ ಕ್ಯೂರಿಯಾಸಿಟಿ ಮತ್ತು ಪರ್ಸಿವಿಯರೆನ್ಸ್ ರೋವರ್‌ಗಳ ಕಚ್ಚಾ ಚಿತ್ರಗಳು. ವಿಜ್ಞಾನಿಗಳ ಕೈ ಸೇರುವ ಅದೇ ಚಿತ್ರಗಳು ನಮಗೂ ಉಚಿತವಾಗಿ ಸಿಗುತ್ತವೆ.

1. ಮೊದಲು ಪ್ರಶ್ನೆ ಬರೆಯಿರಿ. ನೆರಳು ಹೇಗೆ ಸರಿಯಿತು? ರೋವರ್ ಎಷ್ಟು ದೂರ ಹೋಯಿತು? ಪ್ರಶ್ನೆ ಇಲ್ಲದೆ ನೂರಾರು ಚಿತ್ರ ಇಳಿಸಿಕೊಂಡರೆ ಮೊಬೈಲ್ ತುಂಬುತ್ತದೆ, ತಲೆ ತುಂಬುವುದಿಲ್ಲ.

2. ಒಂದೇ ಕ್ಯಾಮೆರಾ ಆರಿಸಿ. ಕ್ಯೂರಿಯಾಸಿಟಿಯ ಕಡತದ ಹೆಸರು 'ಎಫ್‌ಎಲ್‌ಬಿ' ಎಂದು ಶುರುವಾದರೆ ಅದು ಮುಂದಿನ ಎಡ ಹ್ಯಾಜ್‌ಕ್ಯಾಮ್, 'ಎನ್‌ಎಲ್‌ಬಿ' ಎಂದಿದ್ದರೆ ಎಡ ನ್ಯಾವ್‌ಕ್ಯಾಮ್. ಎಡ, ಬಲ ಬೆರೆಸಿದರೆ ವಿಡಿಯೋ ಅತ್ತಿಂದಿತ್ತ ಕುಣಿಯುತ್ತದೆ.

3. ಪೂರ್ಣ ಗಾತ್ರದ ಚಿತ್ರಗಳನ್ನೇ ಉಳಿಸಿಕೊಳ್ಳಿ. ಅಂಚೆಚೀಟಿಯಷ್ಟು ಚಿಕ್ಕ ಮಾದರಿ ಚಿತ್ರಗಳೂ ಪಟ್ಟಿಯಲ್ಲಿರುತ್ತವೆ, ಅವನ್ನು ಬಿಡಿ.

4. ತೆಗೆದ ಸಮಯಕ್ಕೆ ತಕ್ಕಂತೆ ಜೋಡಿಸಿ. ಚಿತ್ರಗಳು ಭೂಮಿಗೆ ತಲುಪುವ ಕ್ರಮವೇ ಬೇರೆ. ನಿನ್ನೆಯದು ಇಂದಿನದಕ್ಕಿಂತ ತಡವಾಗಿ ಬರಬಹುದು. ಕ್ಯೂರಿಯಾಸಿಟಿಯ ಕಡತದ ಹೆಸರಿನಲ್ಲಿ ಕ್ಯಾಮೆರಾ ಗುರುತಿನ ನಂತರದ ಒಂಬತ್ತು ಅಂಕಿಗಳು ನೌಕೆಯ ಗಡಿಯಾರದ ಸೆಕೆಂಡುಗಳು. ಎರಡು ಚಿತ್ರಗಳ ಅಂಕಿಗಳನ್ನು ಕಳೆದರೆ ನಡುವಿನ ಹೊತ್ತು ಸಿಗುತ್ತದೆ. ವ್ಯತ್ಯಾಸ ಸುಮಾರು 1850 ಬಂದರೆ ಮಂಗಳದ ಅರ್ಧ ಗಂಟೆ ಎಂದು ತಿಳಿಯಿರಿ.

5. 001, 002, 003 ಎಂದು ಹೊಸ ಹೆಸರು ಕೊಡಿ. ಬರೀ 1, 2, 3 ಎಂದರೆ ಕೆಲವು ತಂತ್ರಾಂಶಗಳು 10ನ್ನು 2ಕ್ಕಿಂತ ಮೊದಲು ಇಡುತ್ತವೆ. ಮೂಲ ಹೆಸರುಗಳ ಪಟ್ಟಿಯನ್ನು ಬೇರೆ ಕಡೆ ಬರೆದಿಟ್ಟುಕೊಳ್ಳಿ.

6. ಉಚಿತ ವಿಡಿಯೋ ತಂತ್ರಾಂಶದಲ್ಲಿ ಚಿತ್ರಗಳನ್ನು ಹಾಕಿ. ಚಿತ್ರ ಕಡಿಮೆ ಇದ್ದರೆ ಸೆಕೆಂಡಿಗೆ 5, ಹೆಚ್ಚಿದ್ದರೆ 10 ಸಾಕು. ಅಂತರಗಳು ಸಮ ಇಲ್ಲದಿದ್ದರೆ ಪ್ರತಿ ಫ್ರೇಮಿನ ಮೂಲೆಯಲ್ಲಿ ದಿನ ಮತ್ತು ಸಮಯ ಬರೆಯಿರಿ.

7. ಬೆಳಕು ಹೆಚ್ಚುಕಡಿಮೆಯಾಗಿ ವಿಡಿಯೋ ಮಿಣುಕುತ್ತಿದ್ದರೆ ಸಮ ಮಾಡುವ ಆಸೆ ಬರುತ್ತದೆ. ಆದರೆ ಮಂಗಳದಲ್ಲಿ ಬೆಳಕು ಕುಗ್ಗಿದ್ದು ಧೂಳಿನಿಂದಲೂ ಇರಬಹುದು. ತಿದ್ದಿದ್ದರೆ ತಿದ್ದಿದ್ದೇವೆ ಎಂದು ಬರೆಯಿರಿ.

8. ಈಗಿನ ತಂತ್ರಾಂಶಗಳು ಎರಡು ಚಿತ್ರಗಳ ನಡುವೆ ತಾವೇ ಊಹಿಸಿ ಹೊಸ ಫ್ರೇಮ್‌ಗಳನ್ನು ಹುಟ್ಟಿಸುತ್ತವೆ. ವಿಡಿಯೋ ಬೆಣ್ಣೆಯಂತೆ ಜಾರುತ್ತದೆ. ಆದರೆ ಆ ಫ್ರೇಮ್‌ಗಳನ್ನು ಯಾವ ಕ್ಯಾಮೆರಾವೂ ನೋಡಿಲ್ಲ. ಕಲಿಯುವಾಗ ಅವು ಬೇಡ.

ನಮ್ಮ ಕಾಲೇಜಿನ ಮಾಳಿಗೆಯ ಮೇಲೆ

ಮಂಗಳಕ್ಕೆ ಹೋಗುವ ಮೊದಲು ಅಥಣಿ ರಸ್ತೆಯಲ್ಲೇ ಅಭ್ಯಾಸ ಮಾಡೋಣ. ಮಾಳಿಗೆಯ ಮೇಲೆ ಒಂದು ಕೋಲು ನೆಟ್ಟಗೆ ನಿಲ್ಲಿಸಿ, ಮೊಬೈಲನ್ನು ಅಲುಗದಂತೆ ಇಟ್ಟಿಗೆಗಳ ನಡುವೆ ಇಡಿ. ಬೆಳಿಗ್ಗೆ 9ರಿಂದ ಸಂಜೆ 4ರವರೆಗೆ ಹತ್ತು ನಿಮಿಷಕ್ಕೊಂದು ಚಿತ್ರ ತೆಗೆದರೆ 43 ಚಿತ್ರಗಳು. ಸೆಕೆಂಡಿಗೆ 5ರಂತೆ ತೋರಿಸಿದರೆ 8.6 ಸೆಕೆಂಡು.

ಈಗ ಒಂದು ಪ್ರಶ್ನೆ: ನೆರಳು ಅತಿ ಚಿಕ್ಕದಾಗುವುದು ಎಷ್ಟು ಗಂಟೆಗೆ? ಹನ್ನೆರಡಕ್ಕೆ ಎನ್ನುವಿರಾ? ಭಾರತದ ಗಡಿಯಾರ ನಿಂತಿರುವುದು 82.5 ಡಿಗ್ರಿ ಪೂರ್ವ ರೇಖಾಂಶದ ಮೇಲೆ. ವಿಜಯಪುರ ಇರುವುದು ಸುಮಾರು 75.7 ಡಿಗ್ರಿಯಲ್ಲಿ. ವ್ಯತ್ಯಾಸ 6.8 ಡಿಗ್ರಿ, ಡಿಗ್ರಿಗೆ 4 ನಿಮಿಷದಂತೆ 27 ನಿಮಿಷ. ಹಾಗಾಗಿ ನಮ್ಮ ಊರಿನ ನಿಜವಾದ ನಡುಹಗಲು ಸರಾಸರಿ 12.27ಕ್ಕೆ. ವರ್ಷದ ಬೇರೆ ಬೇರೆ ಕಾಲಕ್ಕೆ ಇದು ಕಾಲು ಗಂಟೆಯಷ್ಟು ಹಿಂದೆ ಮುಂದೆ ಆಗುತ್ತದೆ. ಮಸೀದಿಯ ಗೋಡೆಯ ಮೇಲಿನ ವೇಳಾಪಟ್ಟಿಯಲ್ಲಿ ಜುಹರ್ ಶುರುವಾಗುವ ಸಮಯ ತಿಂಗಳಿಂದ ತಿಂಗಳಿಗೆ ಬದಲಾಗುವುದನ್ನು ನಿಮ್ಮಲ್ಲಿ ಹಲವರು ನೋಡಿದ್ದೀರಿ. ನೆರಳು ಎಷ್ಟು ಪಟ್ಟು ಉದ್ದವಾಯಿತು ಎಂದು ನೋಡಿ ಅಸರ್ ಹೊತ್ತು ತಿಳಿಯುವ ಕ್ರಮವೂ ನಿಮಗೆ ಗೊತ್ತು. ಕ್ಯೂರಿಯಾಸಿಟಿಯ ವಿಡಿಯೋದಲ್ಲಿ ನೋಡಿದ್ದೂ ಇದೇ ನೆರಳಿನ ಲೆಕ್ಕ.

ತಿಕೋಟಾ, ಬಬಲೇಶ್ವರ ಕಡೆಯಿಂದ ಬರುವ ವಿದ್ಯಾರ್ಥಿಗಳಿಗೆ ಇನ್ನೊಂದು ಅವಕಾಶವಿದೆ. ಶೆಡ್ಡಿನಲ್ಲಿ ದ್ರಾಕ್ಷಿ ಒಣಗಿ ಒಣದ್ರಾಕ್ಷಿಯಾಗಲು ಹಲವು ದಿನ ಬೇಕು. ಅಲ್ಲಿ ಹತ್ತು ನಿಮಿಷಕ್ಕೊಂದು ಚಿತ್ರ ದಂಡ. ಬೆಳಿಗ್ಗೆ ಒಂದು, ಸಂಜೆ ಒಂದು, ಅದೇ ಜಾಗದಿಂದ ತೆಗೆದರೆ ಸಾಕು.

ಮನೆಗೆಲಸ

ಮೂವರ ಗುಂಪು ಮಾಡಿಕೊಂಡು ಒಂದೊಂದು ಗುಂಪು ಒಂದು ಟೈಮ್‌ಲ್ಯಾಪ್ಸ್ ಮಾಡಿ ಭೌತಶಾಸ್ತ್ರ ಪ್ರಯೋಗಾಲಯಕ್ಕೆ ತನ್ನಿ. ನೆರಳಾದರೂ ಸರಿ, ದ್ರಾಕ್ಷಿಯಾದರೂ ಸರಿ, ಮಂಗಳವಾದರೂ ಸರಿ. ವಿಡಿಯೋದ ಕೊನೆಗೆ ಐದು ಸಾಲು ಇರಲೇಬೇಕು: ಚಿತ್ರ ಯಾರದು ಮತ್ತು ಯಾವ ಕ್ಯಾಮೆರಾದ್ದು, ಒಟ್ಟು ಎಷ್ಟು ಚಿತ್ರ, ಎರಡು ಚಿತ್ರಗಳ ನಡುವೆ ಎಷ್ಟು ಹೊತ್ತು, ಸಮಯ ಯಾವ ಗಡಿಯಾರದ್ದು, ನಾವು ಏನನ್ನು ತಿದ್ದಿದೆವು ಅಥವಾ ಸೇರಿಸಿದೆವು. ಅಂಕ ಕೊಡುವಾಗ ನಾನು ಮೊದಲು ಓದುವುದು ಆ ಐದು ಸಾಲುಗಳನ್ನು, ಆಮೇಲೆ ವಿಡಿಯೋ ನೋಡುತ್ತೇನೆ. ಇನ್ನು ಮುಂದೆ ಮೊಬೈಲಿಗೆ ಬರುವ ಯಾವುದೇ ಅಂತರಿಕ್ಷದ ವಿಡಿಯೋಕ್ಕೂ ನೀವು ಇದೇ ಐದು ಪ್ರಶ್ನೆ ಕೇಳಿ. ಉತ್ತರ ಸಿಗದಿದ್ದರೆ ಮುಂದಕ್ಕೆ ಕಳಿಸಬೇಡಿ.