ಕಸುಬಿನ ಕಲಿಕೆಯೂ ಸಾಲದ ಲೆಕ್ಕವೂ

ಶಿವಮೊಗ್ಗದಿಂದ ಸವಳಂಗದ ಕಡೆಗೆ ಹೋಗುವ ರಸ್ತೆಯಲ್ಲಿ ನವುಲೆ ಇದೆ. 1980ರಲ್ಲಿ ಆರಂಭವಾದ ಜವಾಹರಲಾಲ್ ನೆಹರು ರಾಷ್ಟ್ರೀಯ ಇಂಜಿನಿಯರಿಂಗ್ ಕಾಲೇಜು ಇಲ್ಲಿಯೇ ಇದೆ. ಅದರ ಮುಂದಿನ ರಸ್ತೆಯಲ್ಲಿ ದಿನವಿಡೀ ಬಸ್ಸು, ಲಾರಿ, ಬೈಕುಗಳು ಓಡಾಡುತ್ತವೆ. ಓಡುವ ವಾಹನ ಒಂದಲ್ಲ ಒಂದು ದಿನ ಕೆಟ್ಟು ನಿಲ್ಲುತ್ತದೆ; ನಿಂತದ್ದನ್ನು ಓಡಿಸಬಲ್ಲವನಿಗೆ ಕೆಲಸ ತಪ್ಪದು. ಆದುದರಿಂದ ಎಸ್.ಎಸ್.ಎಲ್.ಸಿ. ಮುಗಿಸಿದ ಅನೇಕ ಹುಡುಗರ ಮನಸ್ಸು ವಾಹನ ದುರಸ್ತಿಯ ಕಸುಬಿನತ್ತ ಹರಿಯುವುದು ಸಹಜವೇ. ಆದರೆ ಕಸುಬನ್ನು ಆರಿಸುವುದು ಒಂದು ಮಾತು. ಅದನ್ನು ಎಲ್ಲಿ, ಎಷ್ಟು ಹಣ ತೆತ್ತು ಕಲಿಯಬೇಕೆಂಬುದು ಇನ್ನೊಂದು ಮಾತು.

ಹಿಂದೆ ಈ ಕಸುಬಿಗೆ ಗ್ಯಾರೇಜೇ ಶಾಲೆಯಾಗಿತ್ತು. ಹುಡುಗನು ಬಿಡಿಭಾಗಗಳನ್ನು ಸೀಮೆಎಣ್ಣೆಯಲ್ಲಿ ತೊಳೆಯುತ್ತ, ಮೇಸ್ತ್ರಿ ಕೇಳಿದ ಸ್ಪ್ಯಾನರನ್ನು ಎತ್ತಿಕೊಡುತ್ತ, ಎಂಜಿನಿನ ಸದ್ದನ್ನು ಕೇಳಿಯೇ ಅದರ ರೋಗವನ್ನು ಗುರುತಿಸಲು ಕಲಿಯುತ್ತಿದ್ದನು. ಆ ಕಲಿಕೆ ಕೀಳಾದುದೇನೂ ಅಲ್ಲ. ಇಂದಿಗೂ ಅಂತಹ ಕಿವಿ ಉಳ್ಳವನನ್ನು ಯಾವ ಯಂತ್ರವೂ ಸಂಪೂರ್ಣವಾಗಿ ಮೀರಿಸಲಾರದು. ಆದರೆ 2020ರ ಏಪ್ರಿಲ್ 1ರಿಂದ ಭಾರತ್ ಸ್ಟೇಜ್ 6 ನಿಯಮಗಳು ಜಾರಿಗೆ ಬಂದ ಮೇಲೆ ಹೊಸ ಬೈಕುಗಳಲ್ಲಿಯೂ ಕಾರ್ಬುರೇಟರಿನ ಸ್ಥಾನವನ್ನು ಇಂಧನ ಚಿಮ್ಮಿಸುವ ಇಂಜೆಕ್ಟರ್ ಆಕ್ರಮಿಸಿತು. ಎಷ್ಟು ಪೆಟ್ರೋಲ್ ಹೋಗಬೇಕೆಂಬುದನ್ನು ಸೆನ್ಸರುಗಳ ಸೂಚನೆಯಂತೆ ಒಂದು ಎಲೆಕ್ಟ್ರಾನಿಕ್ ಘಟಕ ನಿರ್ಧರಿಸುತ್ತದೆ. ಅದರ ದೋಷವನ್ನು ಹುಡುಕಲು ಸ್ಕ್ಯಾನರ್ ಬೇಕು. ಸ್ಕ್ಯಾನರ್ ತೋರಿಸುವುದನ್ನು ಅರ್ಥಮಾಡಿಕೊಳ್ಳಲು ವಿದ್ಯುತ್ತಿನ ತಿಳಿವಳಿಕೆ ಬೇಕು. ಕ್ರಮಬದ್ಧವಾದ ತರಬೇತಿಯ ಅಗತ್ಯ ಹೀಗೆ ಹೆಚ್ಚಿತು.

ಕೇಂದ್ರ ಸರಕಾರವು 1950ರಲ್ಲಿ ಆರಂಭಿಸಿದ ಕುಶಲಕರ್ಮಿ ತರಬೇತಿ ಯೋಜನೆಯಡಿಯಲ್ಲಿ ಐ.ಟಿ.ಐ.ಗಳು ನಡೆಯುತ್ತಿವೆ. ಮೋಟಾರು ವಾಹನ ಮೆಕ್ಯಾನಿಕ್ ವೃತ್ತಿಗೆ ಎರಡು ವರ್ಷ, ಡೀಸೆಲ್ ಮೆಕ್ಯಾನಿಕ್ ವೃತ್ತಿಗೆ ಒಂದು ವರ್ಷ. ಪಾಲಿಟೆಕ್ನಿಕ್ ಡಿಪ್ಲೊಮಾಕ್ಕೆ ಮೂರು ವರ್ಷ. ಸರಕಾರಿ ಐ.ಟಿ.ಐ.ಯ ಶುಲ್ಕ ಬಹಳ ಕಡಿಮೆ. ಈ ಕಡಿಮೆ ಶುಲ್ಕ ತಾನಾಗಿಯೇ ಬಂದುದಲ್ಲ. ಕಲಿಯುವವನ ಪರವಾಗಿ ಬೇರೆ ಯಾರೋ ಹಣ ತೆರುತ್ತಿದ್ದಾರೆ. ಪಕ್ಕದ ಭದ್ರಾವತಿಯ ಇತಿಹಾಸದಲ್ಲಿಯೇ ಇದಕ್ಕೊಂದು ಉದಾಹರಣೆ ಇದೆ. 1923ರಲ್ಲಿ ಉತ್ಪಾದನೆ ಆರಂಭಿಸಿದ ಅಲ್ಲಿನ ಕಬ್ಬಿಣದ ಕಾರ್ಖಾನೆಯ ಆಡಳಿತ ಮಂಡಳಿಗೆ ಸರ್ ಎಂ. ವಿಶ್ವೇಶ್ವರಯ್ಯನವರು ಅಧ್ಯಕ್ಷರಾಗಿದ್ದರು. ಆ ಸೇವೆಗಾಗಿ ತಮಗೆ ಸಲ್ಲಬೇಕಾಗಿದ್ದ ಹಣವನ್ನು ಅವರು ತಾವು ಇಟ್ಟುಕೊಳ್ಳದೆ, ಯುವಕರಿಗೆ ಕಸುಬು ಕಲಿಸುವ ಸಂಸ್ಥೆಯೊಂದಕ್ಕೆ ಕೊಟ್ಟರು. 1943ರಲ್ಲಿ ಬೆಂಗಳೂರಿನಲ್ಲಿ ಸ್ಥಾಪನೆಯಾದ ಆ ಸಂಸ್ಥೆಗೆ ತಮ್ಮ ಹೆಸರನ್ನಿಡಲೂ ಒಪ್ಪದೆ ಮಹಾರಾಜರ ಹೆಸರನ್ನೇ ಇಡಿಸಿದರು. ಇಂದಿನ ಶ್ರೀ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್ ಅದೇ.

ಸರಕಾರಿ ಸಂಸ್ಥೆಯಲ್ಲಿ ಸ್ಥಳ ಸಿಗದವರು, ಅಥವಾ ಹೊಳೆಯುವ ಕಟ್ಟಡವನ್ನು ಕಂಡು ಮರುಳಾದವರು, ಹೆಚ್ಚಿನ ಶುಲ್ಕದ ಖಾಸಗಿ ಸಂಸ್ಥೆಗಳತ್ತ ನೋಡುತ್ತಾರೆ. ಆಗ ಸಾಲದ ಪ್ರಶ್ನೆ ಏಳುತ್ತದೆ. 2015ರ ಕೌಶಲ ಸಾಲ ಯೋಜನೆಯಂತೆ ಬ್ಯಾಂಕುಗಳು ಇಂತಹ ತರಬೇತಿಗೆ 1,50,000 ರೂಪಾಯಿಗಳವರೆಗೆ ಸಾಲ ಕೊಡತೊಡಗಿದವು. 2024ರಲ್ಲಿ ಈ ಮಿತಿಯನ್ನು 7,50,000 ರೂಪಾಯಿಗಳಿಗೆ ಏರಿಸಲಾಯಿತು. ಮಿತಿ ಏರಿತೆಂದರೆ ಸಾಲಗಾರನ ಶಕ್ತಿಯೂ ಏರಿತೆಂದು ಅರ್ಥವಲ್ಲ.

ಒಬ್ಬ ಹುಡುಗನು ಎರಡು ವರ್ಷಗಳ ತರಬೇತಿಗಾಗಿ 1,50,000 ರೂಪಾಯಿಗಳನ್ನು ಶೇಕಡಾ 12ರ ಬಡ್ಡಿಗೆ ಒಂದೇ ಬಾರಿಗೆ ಪಡೆದನೆಂದು ಇಟ್ಟುಕೊಳ್ಳಬಹುದು. ಕಲಿಕೆ ಮುಗಿದು ಒಂದು ವರ್ಷವಾದ ಮೇಲೆ ಕಂತುಗಳು ಆರಂಭವಾಗುತ್ತವೆ. ಕಂತು ಇಲ್ಲವೆಂದರೆ ಬಡ್ಡಿ ಇಲ್ಲವೆಂದು ತಿಳಿಯುವವರು ಬಹಳ ಮಂದಿ. ಆದರೆ ಬಡ್ಡಿಗೆ ರಜೆ ಇಲ್ಲ. ಮೂರು ವರ್ಷಗಳ ಸರಳ ಬಡ್ಡಿಯೇ 54,000 ರೂಪಾಯಿಯಾಗಿ ಸಾಲವು 2,04,000ಕ್ಕೆ ಬೆಳೆಯುತ್ತದೆ. ಅದನ್ನು ಐದು ವರ್ಷಗಳಲ್ಲಿ ತೀರಿಸಲು ತಿಂಗಳಿಗೆ ಸುಮಾರು 4,540 ರೂಪಾಯಿ ಕಟ್ಟಬೇಕು. ಕೊನೆಗೆ ಕಟ್ಟಿದ ಮೊತ್ತ ಸುಮಾರು 2,72,000. ಕಲಿಯುವ ಕಾಲದಿಂದಲೇ ಮನೆಯವರು ತಿಂಗಳಿಗೆ 1,500 ರೂಪಾಯಿಯ ಬಡ್ಡಿಯನ್ನು ಕಟ್ಟುತ್ತ ಬಂದರೆ ಕಂತು ಸುಮಾರು 3,340ಕ್ಕೆ ಇಳಿಯುತ್ತದೆ. ಒಟ್ಟಿನಲ್ಲಿ ಸುಮಾರು 18,000 ರೂಪಾಯಿ ಉಳಿಯುತ್ತದೆ.

ಈಗ ಗಳಿಕೆಯ ಕಡೆಗೆ ನೋಡಬೇಕು. 1961ರ ಶಿಶಿಕ್ಷು ಕಾಯಿದೆಯಂತೆ ಕಾರ್ಖಾನೆ, ಸಂಸ್ಥೆಗಳಲ್ಲಿ ಕೆಲಸ ಕಲಿಯುವವರಿಗೆ ಸ್ಟೈಪೆಂಡ್ ಕೊಡಬೇಕು. 2019ರ ತಿದ್ದುಪಡಿಯಲ್ಲಿ ಐ.ಟಿ.ಐ. ಪ್ರಮಾಣಪತ್ರ ಉಳ್ಳವರಿಗೆ ಅದರ ಕನಿಷ್ಠ ಮೊತ್ತ ತಿಂಗಳಿಗೆ 7,000 ರೂಪಾಯಿ ಎಂದು ನಿಗದಿಯಾಯಿತು. ಆ ಬಳಿಕ ಹುಡುಗನಿಗೆ 12,000 ರೂಪಾಯಿಯ ಕೆಲಸ ಸಿಕ್ಕಿತೆನ್ನೋಣ. 4,540ರ ಕಂತು ಕಳೆದರೆ ಕೈಯಲ್ಲಿ ಉಳಿಯುವುದು 7,460. ಸಾಲವಿಲ್ಲದೆ ಅದೇ ಪ್ರಮಾಣಪತ್ರ ಪಡೆದ ಗೆಳೆಯನಿಗೆ ಅದೇ ಸಂಬಳ ಪೂರ್ತಿಯಾಗಿ ಉಳಿಯುತ್ತದೆ. ದುಬಾರಿ ಸಂಸ್ಥೆಯು ಈ ಅಂತರವನ್ನು ತುಂಬುವಷ್ಟು ಹೆಚ್ಚಿನ ಸಂಬಳವನ್ನು ನಿಜವಾಗಿ ಕೊಡಿಸುತ್ತದೆಯೇ? ಜಾಹೀರಾತು ಇದಕ್ಕೆ ಉತ್ತರ ಹೇಳುವುದಿಲ್ಲ. ಹಿಂದಿನ ಎರಡು ಮೂರು ವರ್ಷಗಳಲ್ಲಿ ಅಲ್ಲಿ ಕಲಿತು ಹೊರಬಂದವರನ್ನೇ ಹುಡುಕಿ ಕೇಳಬೇಕು. ಜರ್ಮನಿಯಲ್ಲಿ ಈ ಕಸುಬನ್ನು ಕಲಿಯುವವನು ಮೂರೂವರೆ ವರ್ಷ ಗ್ಯಾರೇಜು ಮತ್ತು ಶಾಲೆಗಳೆರಡರಲ್ಲಿಯೂ ಕಲಿಯುತ್ತಾನೆ. ಕಲಿಯುವಾಗಲೇ ಮಾಲೀಕನು ಅವನಿಗೆ ಹಣ ಕೊಡುತ್ತಾನೆ.

ಕಡಿಮೆ ಶುಲ್ಕವೊಂದನ್ನೇ ನೋಡಿದರೂ ಸಾಲದು. ಕಾರ್ಯಾಗಾರದಲ್ಲಿ ಬಿಚ್ಚಿ ಕೂಡಿಸಲು ಓಡುವ ಎಂಜಿನೇ ಇಲ್ಲದಿದ್ದರೆ ಶುಲ್ಕ ಉಳಿದರೂ ಎರಡು ವರ್ಷಗಳ ಆಯುಷ್ಯ ಕಳೆಯುತ್ತದೆ. ಕರ್ನಾಟಕದಲ್ಲಿ 2021–22ರಿಂದ 150 ಸರಕಾರಿ ಐ.ಟಿ.ಐ.ಗಳನ್ನು ಆಧುನೀಕರಿಸಲಾಗಿದೆ, ಹತ್ತಿರದ ಸಂಸ್ಥೆ ಅವುಗಳಲ್ಲಿ ಒಂದೇ ಎಂದು ವಿಚಾರಿಸುವುದು ಒಳ್ಳೆಯದು. ಬಿಡದಿಯಲ್ಲಿ 2007ರಲ್ಲಿ ಆರಂಭವಾದ ಟೊಯೋಟ ತಾಂತ್ರಿಕ ತರಬೇತಿ ಸಂಸ್ಥೆಯು ಬಡ ಗ್ರಾಮೀಣ ವಿದ್ಯಾರ್ಥಿಗಳಿಗೆ ವಸತಿಯೊಂದಿಗೆ ಮೂರು ವರ್ಷ ಕಲಿಸುತ್ತದೆ. ಆದರೆ ಅಲ್ಲಿನ ಒತ್ತು ವಾಹನಗಳ ತಯಾರಿಕೆಯ ಮೇಲೆ. ಊರಿನಲ್ಲಿ ಸ್ವಂತ ಗ್ಯಾರೇಜು ತೆರೆಯುವ ಆಸೆ ಉಳ್ಳವನು ಇದನ್ನು ಗಮನಿಸಬೇಕು. ಬಸ್ಸಿನ ಪಾಸು, ಊಟ, ಸಮವಸ್ತ್ರ, ಉಪಕರಣಗಳ ಪೆಟ್ಟಿಗೆ ಇವುಗಳ ಖರ್ಚನ್ನು ಶುಲ್ಕದ ಪಟ್ಟಿಯಲ್ಲಿ ಯಾರೂ ಬರೆಯುವುದಿಲ್ಲ.

ಇನ್ನೊಂದು ಮಾತುಂಟು. ಸಾಲದ ಅರ್ಜಿಯಲ್ಲಿ ವಿದ್ಯಾರ್ಥಿಯ ಜೊತೆಗೆ ತಂದೆಯದೋ ತಾಯಿಯದೋ ಸಹಿಯೂ ಇರುತ್ತದೆ. ಹುಡುಗನಿಗೆ ಕೆಲಸ ಸಿಗದಿದ್ದರೆ ಬ್ಯಾಂಕಿನ ನೋಟೀಸು ಬರುವುದು ಅವರ ಹೆಸರಿಗೂ ಹೌದು. ಹೀಗಾಗಿ ಕಾಗದ ಪೆನ್ಸಿಲು ಹಿಡಿದು ಮಾಡುವ ಈ ಲೆಕ್ಕವನ್ನು ಮನೆಯ ಹಿರಿಯರೊಡನೆ ಕುಳಿತು, ಸಹಿ ಬೀಳುವ ಮೊದಲೇ ಮಾಡತಕ್ಕದ್ದು.