ಹಳೆಯ ಪಂಪಿನ ಎಣ್ಣೆಯ ಸೋರಿಕೆ

ಪುತ್ತಿಗೆಯ ಆಸುಪಾಸಿನಲ್ಲಿ ಅಡಿಕೆಯ ತೋಟವುಳ್ಳ ಕೆಲವು ಮನೆಗಳಲ್ಲಿ, ಪಂಪ್ ಶೆಡ್ಡಿನ ಮೂಲೆಯಲ್ಲಿ ಹಳೆಯ ಸೀಮೆಎಣ್ಣೆಯ ಎಂಜಿನೊಂದು ಗೋಣಿ ಹೊದೆದು ಕುಳಿತಿರುವುದನ್ನು ವಿದ್ಯಾರ್ಥಿಗಳು ಕಂಡಿರಬಹುದು. ವಿದ್ಯುತ್ತು ತೋಟಗಳನ್ನು ತಲುಪುವುದಕ್ಕೆ ಮೊದಲು ಹೊಳೆ, ಕೆರೆ, ಬಾವಿಗಳ ನೀರನ್ನು ಮೇಲೆತ್ತಲು ಏತವನ್ನು ಬಿಟ್ಟರೆ ಇಂತಹ ಎಂಜಿನೇ ಆಧಾರವಾಗಿದ್ದಿತು. ಇಂಗ್ಲೆಂಡಿನ ವಿಲಿಯರ್ಸ್ ಕಂಪೆನಿಯ ಮಾದರಿಯಲ್ಲಿ ನಮ್ಮ ದೇಶದಲ್ಲಿಯೇ ತಯಾರಾದ ಸಣ್ಣ ಎಂಜಿನುಗಳು ಇವುಗಳಲ್ಲಿ ಹೆಸರಾದುವು. ಬೇಸಗೆಯಲ್ಲಿ ಕರೆಂಟು ಕೈಕೊಟ್ಟಾಗ ಹಿರಿಯರು ಆ ಗೋಣಿಯನ್ನು ಸರಿಸುವುದುಂಟು. ಆಗ ಮೊದಲು ಕಣ್ಣಿಗೆ ಬೀಳುವುದು ಎಂಜಿನಿನ ಕೆಳಗಿರುವ ಎಣ್ಣೆಯ ಕಲೆ. ಆ ಕಲೆ ಎಲ್ಲಿಂದ ಬಂದಿತು, ಅದನ್ನು ನಿಲ್ಲಿಸುವ ಬಗೆ ಯಾವುದು ಎಂಬುದನ್ನು ಈ ಪಾಠದಲ್ಲಿ ವಿಚಾರಿಸೋಣ.

ಇಂತಹ ಎಂಜಿನಿಗೆ ಎರಡು ಬಗೆಯ ಎಣ್ಣೆ ಬೇಕು. ನಮ್ಮ ಕಡೆ ಚಿಮಿಣಿ ಎಣ್ಣೆ ಎಂದು ಕರೆಯುವ ಸೀಮೆಎಣ್ಣೆಯು ತಣ್ಣಗಿರುವಾಗ ಸುಲಭವಾಗಿ ಆವಿಯಾಗದು. ಸುಮಾರು ೩೫ ಡಿಗ್ರಿ ಸೆಂಟಿಗ್ರೇಡಿಗಿಂತ ಮೇಲೆ ಕಾದರೆ ಮಾತ್ರ ಅದರ ಆವಿಗೆ ಕಿಡಿ ತಗಲಿ ಉರಿದೀತು. ಪೆಟ್ರೋಲಿನ ಆವಿಯಾದರೋ ಸೊನ್ನೆ ಡಿಗ್ರಿಗಿಂತ ಬಹಳ ಕೆಳಗಿನ ಚಳಿಯಲ್ಲಿಯೂ ಕಿಡಿಯನ್ನು ಹಿಡಿಯುತ್ತದೆ. ಆದುದರಿಂದ ಮೊದಲು ಪೆಟ್ರೋಲಿನಿಂದ ಎಂಜಿನನ್ನು ಹೊರಡಿಸಿ, ಅದು ಕಾದ ಮೇಲೆ ನಲ್ಲಿಯನ್ನು ತಿರುಗಿಸಿ ಸೀಮೆಎಣ್ಣೆಗೆ ಬದಲಿಸುವುದು ಪದ್ಧತಿ. ಎಣ್ಣೆಯು ಟಾಂಕಿಯಿಂದ ನಲ್ಲಿಗೆ, ನಲ್ಲಿಯಿಂದ ನಳಿಕೆಗೆ, ನಳಿಕೆಯಿಂದ ಕಾರ್ಬುರೇಟರಿಗೆ ತನ್ನ ಭಾರದಿಂದಲೇ ಇಳಿಯುತ್ತದೆ. ಈ ದಾರಿಯಲ್ಲಿ ಎರಡು ಲೋಹಗಳು ಕೂಡುವ ಪ್ರತಿಯೊಂದು ಕಡೆಯೂ ಒಂದು ಮೆತ್ತನೆಯ ವಸ್ತು ಇರಲೇ ಬೇಕು. ಎಷ್ಟೇ ನಯವಾಗಿ ಉಜ್ಜಿದರೂ ಲೋಹದ ಮೈಯಲ್ಲಿ ಏರುತಗ್ಗುಗಳಿದ್ದೇ ಇರುತ್ತವೆ. ಆ ತಗ್ಗುಗಳನ್ನು ತುಂಬುವುದೇ ವಾಷರಿನ ಕೆಲಸ. ಕೆಲವು ಕಡೆ ತಾಮ್ರದ ವಾಷರು, ಕೆಲವು ಕಡೆ ಫೈಬರಿನದು, ನಲ್ಲಿಯ ಒಳಗೆ ಬೆಂಡಿನ ಬಿರಡೆ ಅಥವಾ ರಬ್ಬರಿನ ಉಂಗುರ.

ಇವುಗಳಲ್ಲಿ ಬೇಗ ಕೆಡುವುದು ರಬ್ಬರು. ನಮ್ಮ ಗುಡ್ಡಗಳಲ್ಲಿ ಬೆಳೆಯುವ ಮರದ ಹಾಲಿನಿಂದಾದ ರಬ್ಬರು ಜಲಜನಕ ಮತ್ತು ಇಂಗಾಲಗಳ ಉದ್ದವಾದ ಸರಪಳಿಗಳಿಂದ ಆದುದು. ಪೆಟ್ರೋಲ್, ಸೀಮೆಎಣ್ಣೆಗಳೂ ಅವೇ ಎರಡು ಧಾತುಗಳಿಂದ ಆದುವು. ಸಜಾತಿಯು ಸಜಾತಿಯೊಡನೆ ಬೆರೆಯುವುದು ಸಹಜವಷ್ಟೆ? ಎಣ್ಣೆಯು ಸರಪಳಿಗಳ ನಡುವೆ ನುಗ್ಗಿ ಅವುಗಳನ್ನು ದೂರ ಸರಿಸುತ್ತದೆ. ೧೮೩೯ರಲ್ಲಿ ಅಮೆರಿಕದ ಚಾರ್ಲ್ಸ್ ಗುಡ್‌ಇಯರ್ ಕಂಡುಹಿಡಿದಂತೆ ಗಂಧಕದೊಡನೆ ಕಾಯಿಸಿದ ರಬ್ಬರಿನಲ್ಲಿ ಸರಪಳಿಗಳಿಗೆ ಅಲ್ಲಲ್ಲಿ ಗಂಟುಗಳು ಬಿದ್ದಿರುವುದರಿಂದ ಅದು ಕರಗಿಹೋಗದೆ ಊದಿಕೊಳ್ಳುತ್ತದೆ. ಒಂದು ಸಾಧಾರಣ ರಬ್ಬರ್ ಬ್ಯಾಂಡನ್ನು ಸ್ವಲ್ಪ ಸೀಮೆಎಣ್ಣೆಯಲ್ಲಿ ಮುಳುಗಿಸಿ, ಹಿರಿಯರ ಎದುರಿನಲ್ಲಿ, ಒಲೆಯಿಂದ ದೂರ ಒಂದು ರಾತ್ರಿ ಇರಿಸಿ ನೋಡಿದರೆ ಅದು ಉದ್ದವಾಗಿ, ದಪ್ಪವಾಗಿ, ಎಳೆದರೆ ಹರಿಯುವಂತಾಗಿರುವುದು ಕಾಣುತ್ತದೆ. ಇದರಿಂದಲೇ ಎಣ್ಣೆಯ ದಾರಿಗೆ ನೈಟ್ರೈಲ್ ಎಂಬ ಬೇರೆ ಜಾತಿಯ ಕೃತಕ ರಬ್ಬರನ್ನು ಬಳಸತೊಡಗಿದರು. ಸೈಕಲ್ ಟ್ಯೂಬಿನ ತುಂಡನ್ನು ಕತ್ತರಿಸಿ ವಾಷರು ಮಾಡುವ ಜಾಣತನವನ್ನು ನಾವು ಹಲವು ಕಡೆ ನೋಡಿದ್ದೇವೆ. ಅದರ ಆಯುಸ್ಸು ಬಹಳ ಕಡಮೆ.

ಈಗ ಇನ್ನೊಂದು ತೊಡಕು ಸೇರಿದೆ. ೨೦೨೨ರ ಹೊತ್ತಿಗೆ ದೇಶದ ಪೆಟ್ರೋಲಿನಲ್ಲಿ ನೂರಕ್ಕೆ ಹತ್ತು ಪಾಲು, ೨೦೨೫ರಲ್ಲಿ ನೂರಕ್ಕೆ ಇಪ್ಪತ್ತು ಪಾಲು ಎಥನಾಲ್ ಎಂಬ ಮದ್ಯಸಾರ ಬೆರೆಯಿತು. ಹಳೆಯ ಎಂಜಿನನ್ನು ಕಟ್ಟಿದವರು ಇದನ್ನು ಎಣಿಸಿರಲಿಲ್ಲ. ಮದ್ಯಸಾರವು ಹಳೆಯ ರಬ್ಬರನ್ನು ಮೆತ್ತಗಾಗಿಸುತ್ತದೆ. ಬೆಂಡಿಗೆ ಬಳಿದ ಅರಗಿನ ಲೇಪವನ್ನು ಕರಗಿಸುತ್ತದೆ. ಗಾಳಿಯ ತೇವವನ್ನು ಹೀರಿ ನೀರಿನೊಡನೆ ಟಾಂಕಿಯ ತಳಕ್ಕಿಳಿದು ತುಕ್ಕನ್ನು ತರುತ್ತದೆ. ನಮ್ಮ ಮಳೆಗಾಲದ ತೇವವನ್ನು ಬಲ್ಲವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಹೊಸ ಉಂಗುರವನ್ನು ಕೊಳ್ಳುವಾಗ ವೈಟಾನ್ ಎಂಬ, ಫ್ಲೋರಿನ್ ಸೇರಿದ ರಬ್ಬರನ್ನು ಕೇಳಿ ಪಡೆಯುವುದು ಉತ್ತಮ. ಬೆಲೆ ಹೆಚ್ಚಾದರೂ ಬಾಳಿಕೆ ಬರುತ್ತದೆ.

ಒಂದು ತೊಟ್ಟು ಎಣ್ಣೆಗೆ ಇಷ್ಟೆಲ್ಲ ಏಕೆ ಎನ್ನುವ ಪಾಲಕರು ಪಂಪು ಇರುವ ಸ್ಥಳವನ್ನು ಯೋಚಿಸಬೇಕು. ಗಾಳಿಯ ಒತ್ತಡವು ನೀರನ್ನು ಹೆಚ್ಚೆಂದರೆ ೧೦ ಮೀಟರಿನಷ್ಟು ಏರಿಸಬಲ್ಲುದು. ವ್ಯವಹಾರದಲ್ಲಿ ಪಂಪು ಹೀರುವುದು ಏಳು ಮೀಟರಿನ ಆಸುಪಾಸು. ಆದುದರಿಂದ ಬಾವಿಯ ನೀರು ಇಳಿದಂತೆ ಎಂಜಿನನ್ನೂ ಬಾವಿಯ ಒಳಗಿನ ಮೆಟ್ಟಿಗೆ ಇಳಿಸುವ ರೂಢಿಯಿದ್ದಿತು. ಪೆಟ್ರೋಲಿನ ಆವಿ ಗಾಳಿಗಿಂತ ಮೂರು ಪಟ್ಟಿಗೂ ಮಿಕ್ಕಿ ಭಾರವುಳ್ಳದ್ದು. ಅದು ಚದರಿ ಹೋಗದೆ ತಗ್ಗಿನಲ್ಲಿ ಕೆರೆಯಂತೆ ನಿಲ್ಲುತ್ತದೆ. ಎಂಜಿನಿನ ಒಂದು ಕಿಡಿ ಸಾಕು. ಓಡುವ ಎಂಜಿನಿನ ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡ್ ಎಂಬ ವಿಷಾನಿಲಕ್ಕೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಎಂಜಿನನ್ನು ಬಾವಿಯೊಳಗೆ ಇಳಿಸಿ ನಡೆಸಲೇ ಕೂಡದು. ಅಂತಹ ಬಾವಿಗೆ ಮಕ್ಕಳನ್ನು ಎಂದಿಗೂ ಇಳಿಸತಕ್ಕದ್ದಲ್ಲ. ಇನ್ನು ಸೋರಿದ ಎಣ್ಣೆ ಕುಡಿಯುವ ನೀರಿಗೆ ಬಿದ್ದರೆ ಅದರ ವಾಸನೆಯನ್ನು ಹೋಗಲಾಡಿಸುವುದು ಎಷ್ಟು ಕಷ್ಟವೆಂಬುದನ್ನು ಅನುಭವಿಸಿದವರೇ ಬಲ್ಲರು.

ದುರಸ್ತಿಯನ್ನು ಹಗಲಿನಲ್ಲಿ, ಬಯಲಿನಲ್ಲಿ, ಎಂಜಿನು ಪೂರ್ತಿ ತಣಿದ ಮೇಲೆ, ಹಿರಿಯರೇ ಮಾಡಬೇಕು. ಬೀಡಿ, ದೀಪಗಳು ಹತ್ತಿರ ಇರಕೂಡದು. ಪ್ಲಗ್ಗಿನ ತಂತಿಯನ್ನು ಕಳಚಿ, ಎಣ್ಣೆಯನ್ನೆಲ್ಲ ಮುಚ್ಚಳವುಳ್ಳ ಡಬ್ಬಿಗೆ ಇಳಿಸಿಕೊಂಡು, ನಲ್ಲಿಯನ್ನು ಒಂದು ಸ್ಪ್ಯಾನರಿನಿಂದ ಹಿಡಿದು ಇನ್ನೊಂದರಿಂದ ನಟ್ಟನ್ನು ಬಿಚ್ಚಬೇಕು. ಒಂದೇ ಸ್ಪ್ಯಾನರಿನಿಂದ ತಿರುಗಿಸಿದರೆ ನಳಿಕೆ ತಿರುಚಿ ಸೀಳುತ್ತದೆ. ಹಳೆಯ ವಾಷರನ್ನು ಎಸೆಯದೆ ಅದರ ಒಳವ್ಯಾಸ, ಹೊರವ್ಯಾಸ, ದಪ್ಪಗಳನ್ನು ಅಳೆದು ಬರೆದಿಡುವುದು ಒಳ್ಳೆಯದು. ಪ್ರಯೋಗಶಾಲೆಯಲ್ಲಿ ವರ್ನಿಯರ್ ಹಿಡಿದ ಮೇಲಿನ ತರಗತಿಯ ವಿದ್ಯಾರ್ಥಿಗಳಿಗೆ ಇದು ತಕ್ಕ ಕೆಲಸ. ನಲ್ಲಿಯ ಜಾಲರಿಯಲ್ಲಿ ನಿಂತ ಕಸವನ್ನು ತೊಳೆದು, ಕೂಡುವ ಮೈಗಳನ್ನು ಬಟ್ಟೆಯಿಂದ ಒರೆಸಬೇಕು, ಗೀರು ಬೀಳಿಸಬಾರದು.

ತಾಮ್ರದ ವಾಷರು ಬಿಗಿದು ಬಿಗಿದು ಗಡುಸಾಗಿರುತ್ತದೆ. ಅದನ್ನು ಎಣ್ಣೆಯ ಹತ್ತಿರವಲ್ಲ, ಅಡಿಗೆಮನೆಯ ಕಡೆಗೆ ಒಯ್ದು, ಒಣಗಿಸಿ, ಮಂದವಾದ ಕೆಂಪು ಬರುವ ತನಕ ಕಾಯಿಸಿ ನೀರಿಗೆ ಹಾಕಿದರೆ ಮತ್ತೆ ಮೆತ್ತಗಾಗುತ್ತದೆ. ಉಕ್ಕನ್ನು ಹೀಗೆ ಮಾಡಿದರೆ ಗಡುಸಾಗುವುದು, ತಾಮ್ರವು ಮೃದುವಾಗುವುದು: ಇದೊಂದು ಗಮನಿಸತಕ್ಕ ವಿಚಿತ್ರ. ಕುಗ್ಗಿದ ಬೆಂಡಿನ ಬಿರಡೆಯನ್ನು ಬಿಸಿನೀರಿನಲ್ಲಿ ನೆನೆಸಿ ಉಬ್ಬಿಸುವುದು ಹಳಬರ ಉಪಾಯ. ಒಂದು ಬೇಸಗೆಗೆ ಅದು ಸಾಕಾದೀತು. ಸೋರುವ ಕಡೆ ಹೊರಗಿನಿಂದ ಅಂಟು ಮೆತ್ತುವುದು ಮಾತ್ರ ದುರಸ್ತಿಯಲ್ಲ. ಮರೆಗಳಿಗೆ ಸುತ್ತುವ ಬಿಳಿಯ ಟೇಪೂ ಬೇಡ. ಅದರ ಚೂರು ಕಾರ್ಬುರೇಟರಿನ ಸೂಜಿಗೆ ಸಿಕ್ಕಿದರೆ ಎಣ್ಣೆ ಉಕ್ಕಿ ಹರಿದು ಮೊದಲಿಗಿಂತ ಕಷ್ಟವಾಗುತ್ತದೆ. ನಟ್ಟುಗಳನ್ನು ಕೈಯಿಂದ ಕೂರಿಸಿ, ಆಮೇಲೆ ಸ್ಪ್ಯಾನರಿನಿಂದ ಸ್ವಲ್ಪವೇ ಬಿಗಿಯಬೇಕು. ಹಿತ್ತಾಳೆಯ ಮರೆ ಬಲವಂತವನ್ನು ತಾಳದು.

ಕೊನೆಗೆ ಸ್ವಲ್ಪ ಸೀಮೆಎಣ್ಣೆಯನ್ನು ಹಾಕಿ, ನಲ್ಲಿಯನ್ನು ತೆರೆದು, ಪ್ರತಿ ಕೂಡಿಕೆಯ ಕೆಳಗೂ ಬಿಳಿಯ ಕಾಗದವನ್ನಿಟ್ಟು ಅರ್ಧ ಗಂಟೆ ಕಾಯಬೇಕು. ಕಾಗದ ಒಣಗಿದ್ದರೆ ಪೆಟ್ರೋಲನ್ನು ತುಂಬಿ ಅದರ ನಲ್ಲಿಯನ್ನೂ ಹಾಗೆಯೇ ಪರೀಕ್ಷಿಸಿ, ಆ ಬಳಿಕ ಪ್ಲಗ್ಗಿನ ತಂತಿಯನ್ನು ಸಿಕ್ಕಿಸಬಹುದು. ಮಳೆ ಹಿಡಿದು ಪಂಪಿನ ಕೆಲಸ ಮುಗಿದಾಗ ಎರಡು ಟಾಂಕಿಗಳನ್ನೂ ಬರಿದು ಮಾಡಿ, ಕಾರ್ಬುರೇಟರಿನಲ್ಲಿ ಉಳಿದುದನ್ನೂ ಇಳಿಸಿ, ಗೋಣಿ ಹೊದೆಸಿ ಇಡತಕ್ಕದ್ದು.