ಧಣಿಯ ವಂಶಾವಳಿ ಹುಡುಕುವ ಮುನ್ನ

ನದಿ ಮೂಲ, ಋಷಿ ಮೂಲ ಕೆದಕಬಾರದು ಅಂತ ನಮ್ಮ ಹಿರಿಯರು ಹೇಳಿದರು. ಧಣಿ ಮೂಲದ ಮಾತು ಅವರು ಎತ್ತಲಿಲ್ಲ. ಹಾಗಾಗಿ ಕೆದಕಿ, ನಾನೇನೂ ಬೇಡ ಅನ್ನುವುದಿಲ್ಲ. ನಿಮ್ಮ ಮಗಳು ವರ್ಜೀನಿಯಾದ ಹಳೆಯ ಮನೆತನದ ಸೊಸೆಯಾಗಿರಬಹುದು, ಮೊಮ್ಮಗನಿಗೆ ಶಾಲೆಯಲ್ಲಿ ವಂಶವೃಕ್ಷ ಬರೆದುಕೊಂಡು ಬಾ ಅಂದಿರಬಹುದು. ಬೀಗರು "ನಮ್ಮ ಹಿರೀಕರಿಗೆ ಹೊಗೆಸೊಪ್ಪಿನ ದೊಡ್ಡ ತೋಟವಿತ್ತು" ಅಂದದ್ದೇ ತಡ, ನೀವು ಮೊಬೈಲ್ ಹಿಡಿದು ಕೂತಿರಿ. ಅರ್ಧ ಗಂಟೆಯಲ್ಲಿ ಇಂಗ್ಲೆಂಡಿನ ರಾಜನವರೆಗೆ ಗೆರೆ ಎಳೆದೂ ಬಿಟ್ಟಿರಿ! ಸ್ವಲ್ಪ ತಡೆಯಿರಿ. ಆತುರಗಾರನಿಗೆ ಬುದ್ಧಿ ಮಟ್ಟ.

ಎಲ್ಲರಿಗೂ ಗೊತ್ತಿರುವ ಒಬ್ಬ ಧಣಿಯನ್ನೇ ಮುಂದಿಟ್ಟುಕೊಂಡು ಹೇಳುತ್ತೇನೆ. ಥಾಮಸ್ ಜೆಫರ್ಸನ್. ಅಮೆರಿಕದ 3ನೇ ಅಧ್ಯಕ್ಷ, ವರ್ಜೀನಿಯಾದ ಮಾಂಟಿಚೆಲ್ಲೊ ತೋಟದ ಯಜಮಾನ, ಜೀವಮಾನದಲ್ಲಿ 600ಕ್ಕೂ ಹೆಚ್ಚು ಗುಲಾಮರ ಒಡೆಯ. ತಮ್ಮ ಪೂರ್ವಿಕರು ವೇಲ್ಸ್ ದೇಶದ ಸ್ನೋಡನ್ ಬೆಟ್ಟದ ಕಡೆಯಿಂದ ಬಂದವರು ಅಂತ ಅವರು 1821ರಲ್ಲಿ ಆತ್ಮಕಥೆಯಲ್ಲಿ ಬರೆದರು. ಆದರೆ ಅದು ಅಪ್ಪನ ಮನೆಯಲ್ಲಿ ಹೇಳಿಕೊಂಡು ಬಂದ ಮಾತು ಅಂತಲೂ ಅಲ್ಲೇ ಸೇರಿಸಿದರು. 1771ರಲ್ಲಿ ವಂಶಲಾಂಛನವನ್ನು ಹುಡುಕಿಸಲು ಲಂಡನ್ನಿಗೆ ಹೊರಟ ಪರಿಚಯದವರಿಗೆ ಕಾಗದ ಬರೆದಾಗಲೂ, ತಮ್ಮ ಬಳಿ ಇರುವ ಲಾಂಛನಕ್ಕೆ ಆಧಾರವೇನೋ ತಿಳಿಯದು ಅಂತ ಒಪ್ಪಿಕೊಂಡರು. ಅಷ್ಟು ಓದಿದ ಮನುಷ್ಯನೇ ಕೇಳಿದ್ದನ್ನು ಕೇಳಿದ್ದು ಅಂತ ಬರೆದರೆ, ನೀವು ಕೇಳಿದ್ದನ್ನೆಲ್ಲ ಕಂಡದ್ದು ಅಂತ ಬರೆಯುವುದು ಯಾವ ನ್ಯಾಯ?

ಅದಕ್ಕೇ ಮೊದಲ ಮಾತು. ನಿಮ್ಮ ಕೈಗೆಟುಕುವ ತಲೆಮಾರಿನಿಂದ ಶುರುಮಾಡಿ, ಒಂದೊಂದೇ ಮೆಟ್ಟಿಲು ಹಿಂದಕ್ಕೆ ಹೋಗಿ. ಮೇಲಿನ ರಾಜನಿಂದ ಕೆಳಕ್ಕೆ ಬರಬೇಡಿ. ಇನ್ನೊಬ್ಬರು ಬರೆದಿಟ್ಟ ವಂಶವೃಕ್ಷವನ್ನು ಹಾಗೆಯೇ ನಕಲು ಮಾಡಲೂ ಬೇಡಿ. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅಂದಂತಾಗುತ್ತದೆ. ನೂರು ವರ್ಷಗಳ ಹಿಂದೆ ಗುಸ್ತಾವ್ ಆಂಜು ಎಂಬಾತ ಸುಳ್ಳು ವಂಶಾವಳಿಗಳನ್ನು ಹೆಣೆದು ಅಮೆರಿಕದ ಸಿರಿವಂತರಿಗೆ ಮಾರಿದ. ಅವನ ಸುಳ್ಳುಗಳು ಪುಸ್ತಕದಿಂದ ಪುಸ್ತಕಕ್ಕೆ ನಡೆದುಕೊಂಡು ಬಂದವು.

ಎರಡನೆಯದು, ತಾರೀಖು. ಬ್ರಿಟನ್ನೂ ಅದರ ವಸಾಹತುಗಳೂ 1752ರಲ್ಲಿ ಕ್ಯಾಲೆಂಡರ್ ಬದಲಿಸಿ 11 ದಿನ ಕೈಬಿಟ್ಟವು. ಅದಕ್ಕೆ ಮುಂಚೆ ಹೊಸ ವರ್ಷ ಶುರುವಾಗುತ್ತಿದ್ದದ್ದು ಮಾರ್ಚ್ 25ಕ್ಕೆ. ಹಾಗಾಗಿ ಜಾರ್ಜ್ ವಾಷಿಂಗ್ಟನ್ ಹುಟ್ಟಿದ್ದು ಅಂದಿನ ಲೆಕ್ಕದಲ್ಲಿ 1731ರ ಫೆಬ್ರವರಿ 11, ಇಂದಿನ ಲೆಕ್ಕದಲ್ಲಿ 1732ರ ಫೆಬ್ರವರಿ 22. ಜೆಫರ್ಸನ್ ಹುಟ್ಟಿದ್ದು 1743ರ ಏಪ್ರಿಲ್ 13 ಅನ್ನುತ್ತೇವೆ, ಅವರ ಸಮಾಧಿಯ ಕಲ್ಲಿನ ಮೇಲೆ ಏಪ್ರಿಲ್ 2 ಅಂತಿದೆ. ಎರಡೂ ಸರಿಯೇ. ತಿಥಿಗೂ ತಾರೀಖಿಗೂ ಇರುವ ವ್ಯತ್ಯಾಸ ಬಲ್ಲ ನಿಮಗೆ ಇದನ್ನು ಬಿಡಿಸಿ ಹೇಳಬೇಕೆ? ಕಂಡ ತಾರೀಖನ್ನು ಕಂಡಂತೆ ಬರೆದು, ಪಕ್ಕದಲ್ಲಿ ಹಳೆಯದೋ ಹೊಸದೋ ಅಂತ ಗುರುತು ಹಾಕಿ.

ಮೂರನೆಯದು, ಹೆಸರು ಮತ್ತು ನೆಂಟಸ್ತಿಕೆ. ಜೆಫರ್ಸನ್ನರ ಅಜ್ಜನ ಹೆಸರು ಥಾಮಸ್, ಮುತ್ತಜ್ಜನ ಹೆಸರೂ ಥಾಮಸ್. ಒಬ್ಬರ ಜಮೀನನ್ನು ಇನ್ನೊಬ್ಬರ ಖಾತೆಗೆ ಬರೆಯಬೇಡಿ. ಹಳೆಯ ಕಾಗದದಲ್ಲಿ ಸೀನಿಯರ್, ಜೂನಿಯರ್ ಅಂತ ಇದ್ದ ಮಾತ್ರಕ್ಕೆ ಅಪ್ಪ-ಮಗ ಅಂದುಕೊಳ್ಳಬೇಡಿ. ಒಂದೇ ಊರಿನಲ್ಲಿ ಒಂದೇ ಹೆಸರಿನ ಹಿರಿಯ, ಕಿರಿಯರೂ ಆಗಿರಬಹುದು. 'ಸನ್ ಇನ್ ಲಾ' ಅಂದರೆ ಅಳಿಯನೂ ಆಗಬಹುದು, ಮಲಮಗನೂ ಆಗಬಹುದು. 'ಕಸಿನ್' ಅನ್ನುವುದಂತೂ ಸಂತೆಯ ಚೀಲ, ಅದರೊಳಗೆ ಯಾವ ನೆಂಟನನ್ನಾದರೂ ತುರುಕುತ್ತಿದ್ದರು.

ನಾಲ್ಕನೆಯದು, ಕಾಗದಪತ್ರ. ಉಯಿಲು, ಕ್ರಯಪತ್ರ, ಸತ್ತವರ ಆಸ್ತಿಯ ಪಟ್ಟಿ, ಚರ್ಚಿನ ದಾಖಲೆ, ಕೌಂಟಿ ನ್ಯಾಯಾಲಯದ ಕಡತ, ಇವು ನಿಮ್ಮ ಸಾಕ್ಷಿಗಳು. ಸಿಗಲಿಲ್ಲವೆಂದು ಕಲ್ಪಿಸಿಕೊಂಡು ಬರೆಯಬೇಡಿ. ಜೆಫರ್ಸನ್ನರ ಹುಟ್ಟುಮನೆ ಶ್ಯಾಡ್‌ವೆಲ್ 1770ರಲ್ಲಿ ಸುಟ್ಟು, ಮನೆಯ ಕಾಗದಗಳು ಬೂದಿಯಾದವು. ಅಂತರ್ಯುದ್ಧದ ಕಾಲದಲ್ಲಿ ಕೆಲವು ಕೌಂಟಿಗಳು ತಮ್ಮ ಕಡತಗಳನ್ನು ಭದ್ರವಾಗಿರಲಿ ಅಂತ ರಿಚ್ಮಂಡಿಗೆ ಕಳಿಸಿದವು. 1865ರ ಏಪ್ರಿಲ್ ಬೆಂಕಿಯಲ್ಲಿ ಅವೂ ಹೋದವು. ಅಂಥ ಕಡೆ ನೆರೆಯ ಕೌಂಟಿಯಲ್ಲಿ ನೋಡಿ, ಬೀಗರ ಮನೆಯ ಉಯಿಲು ನೋಡಿ. ಸೊಸೆಯ ತವರನ್ನು ಮರೆತು ಗಂಡಿನ ಕಡೆಯನ್ನಷ್ಟೇ ಬರೆಯುವ ಚಾಳಿ ಬಿಡಿ. 1773ರಲ್ಲಿ ಮಾವ ಜಾನ್ ವೇಲ್ಸ್ ತೀರಿಕೊಂಡ ಮೇಲೆ ಜೆಫರ್ಸನ್ನರ ಪಾಲಿಗೆ 11,000 ಎಕರೆ, 135 ಗುಲಾಮರು, ಜೊತೆಗೆ ತಲೆಮೇಲೆ ಸಾಲ, ಎಲ್ಲವೂ ಹೆಂಡತಿಯ ಕಡೆಯಿಂದಲೇ ಬಂದದ್ದು.

ಈಗ ಎಲ್ಲಕ್ಕಿಂತ ಮುಖ್ಯವಾದ ಮಾತು, ಕಿವಿಗೊಟ್ಟು ಕೇಳಿ. ಧಣಿಯ ಮನೆಯ ಪುಸ್ತಕದಲ್ಲಿ ಧಣಿಯ ಮಕ್ಕಳು ಮಾತ್ರ ಇರುವುದಿಲ್ಲ. ಜೆಫರ್ಸನ್ನರ ತೋಟದ ಲೆಕ್ಕದ ಪುಸ್ತಕ ಇಂದಿಗೂ ಇದೆ. ಸ್ವಂತ ಕೈಬರಹ, ಸಾಲುಸಾಲು ಗುಲಾಮರ ಹೆಸರು, ಪಕ್ಕದಲ್ಲಿ ಹುಟ್ಟಿದ ವರ್ಷ. ಯಾರಿಗೆ ಎಷ್ಟು ಮೀನು, ಯಾರಿಗೆ ಕಂಬಳಿ, ಎಲ್ಲ ಲೆಕ್ಕವೂ ಇದೆ. ಸ್ಯಾಲಿ ಹೆಮಿಂಗ್ಸ್ ಮಕ್ಕಳ ಹೆಸರೂ ಇದೆ, ತಂದೆಯ ಹೆಸರು ಇಲ್ಲ. ಈ ಸ್ಯಾಲಿ ಬೇರೆ ಯಾರೂ ಅಲ್ಲ, ಮಾವ ವೇಲ್ಸ್‌ಗೆ ಗುಲಾಮ ಹೆಂಗಸು ಎಲಿಜಬೆತ್ ಹೆಮಿಂಗ್ಸ್‌ಳಲ್ಲಿ ಹುಟ್ಟಿದವಳು. ಜೆಫರ್ಸನ್ನರ ಹೆಂಡತಿಗೆ ತಂದೆಯ ಕಡೆಯಿಂದ ತಂಗಿ.

ಸ್ಯಾಲಿಯ ಮಗ ಮ್ಯಾಡಿಸನ್ ಹೆಮಿಂಗ್ಸ್ 1873ರಲ್ಲಿ ಒಹಾಯೊದ ಪತ್ರಿಕೆಯೊಂದರಲ್ಲಿ ನಮ್ಮಪ್ಪ ಜೆಫರ್ಸನ್ ಅಂತ ಹೇಳಿದ. ಜೆಫರ್ಸನ್ ಮನೆಯವರು ಅಲ್ಲ ಅಂದರು, ಜೆಫರ್ಸನ್ನರ ಸೋದರಳಿಯಂದಿರಾದ ಕಾರ್ ಮನೆಯವರತ್ತ ಬೆರಳು ತೋರಿಸಿದರು. ನೂರು ವರ್ಷ ದೊಡ್ಡ ಮನೆಯ ಮಾತೇ ನಡೆಯಿತು. 1998ರಲ್ಲಿ ಡಿಎನ್‌ಎ ಪರೀಕ್ಷೆ ಆಯಿತು. ವೈ ವರ್ಣತಂತು ನಮ್ಮ ಗೋತ್ರದ ಹಾಗೆ, ಅಪ್ಪನಿಂದ ಮಗನಿಗೆ ಇಳಿಯುತ್ತದೆ. ಧರ್ಮಪತ್ನಿಯಲ್ಲಿ ಜೆಫರ್ಸನ್ನರಿಗೆ ಬದುಕುಳಿದ ಗಂಡುಮಕ್ಕಳಿರಲಿಲ್ಲ, ಅದಕ್ಕೆ ದೊಡ್ಡಪ್ಪ ಫೀಲ್ಡ್ ಜೆಫರ್ಸನ್ ಸಂತತಿಯವರ ರಕ್ತ ತೆಗೆದುಕೊಂಡರು. ಸ್ಯಾಲಿಯ ಕಿರಿಮಗ ಎಸ್ಟನ್ ಸಂತತಿಯೊಂದಿಗೆ ಅದು ಹೊಂದಿತು. ಕಾರ್ ಮನೆಯವರದು ಹೊಂದಲಿಲ್ಲ. ಮಾಂಟಿಚೆಲ್ಲೊ ನೋಡಿಕೊಳ್ಳುವ ಪ್ರತಿಷ್ಠಾನ 2000ದಲ್ಲಿ ಮ್ಯಾಡಿಸನ್ ಮಾತಿನ ಕಡೆಗೇ ವಾಲಿತು.

ಇಲ್ಲೂ ಒಂದು ಎಚ್ಚರ. ಪರೀಕ್ಷೆ ಹೇಳಿದ್ದು ತಂದೆ ಜೆಫರ್ಸನ್ ವಂಶದ ಗಂಡಸು ಅಂತ ಮಾತ್ರ. ಆ ಗಂಡಸು ಯಾರು ಅಂತ ತೀರ್ಮಾನಿಸಲು ಕಾಗದವೂ ಬೇಕಾಯಿತು. ಸ್ಯಾಲಿಗೆ ಗರ್ಭ ನಿಂತ ಪ್ರತಿ ಸಲವೂ ಜೆಫರ್ಸನ್ ಮಾಂಟಿಚೆಲ್ಲೊದಲ್ಲೇ ಇದ್ದರೆಂದು ದಾಖಲೆಗಳು ಹೇಳಿದವು. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅನ್ನುವುದು ಇದಕ್ಕೇ. ಎಂಜಲು ಕಳಿಸಿ ಫಲಿತಾಂಶ ತರಿಸಿಕೊಂಡ ಕೂಡಲೇ ಕೆಲಸ ಮುಗಿಯಿತು ಅಂದುಕೊಳ್ಳಬೇಡಿ.

ಗುಲಾಮರಾಗಿದ್ದವರ ಸಂತತಿ ಹುಡುಕುವವರ ಕಷ್ಟ ಇನ್ನೂ ದೊಡ್ಡದು. 1850 ಮತ್ತು 1860ರ ಗುಲಾಮರ ಗಣತಿಯಲ್ಲಿ ಒಡೆಯನ ಹೆಸರಿನ ಕೆಳಗೆ ವಯಸ್ಸು, ಗಂಡೋ ಹೆಣ್ಣೋ, ಮೈಬಣ್ಣ, ಇಷ್ಟೇ. ಅವರಲ್ಲಿ ಬಹುಪಾಲು ಜನರ ಹೆಸರು ಜನಗಣತಿಗೆ ಮೊದಲು ಹತ್ತಿದ್ದು 1870ರಲ್ಲಿ. ತಾಯಿ ಗುಲಾಮಳಾದರೆ ಮಗುವೂ ಗುಲಾಮ ಅಂತ ವರ್ಜೀನಿಯಾ 1662ರಲ್ಲೇ ಕಾನೂನು ಮಾಡಿತ್ತು. ಆದ್ದರಿಂದ ತಾಯಿಯ ಹೆಸರಿನ ಜಾಡು ಬಿಡಬೇಡಿ. ಅಡ್ಡಹೆಸರನ್ನೇ ನಂಬಿ ಕೂರಬೇಡಿ. ಒಡಹುಟ್ಟಿದವರಲ್ಲೇ ಎಸ್ಟನ್ ಮುಂದೆ ಜೆಫರ್ಸನ್ ಅಂತ ಇಟ್ಟುಕೊಂಡ, ಮ್ಯಾಡಿಸನ್ ಹೆಮಿಂಗ್ಸ್ ಆಗಿಯೇ ಉಳಿದ.

ನಿಮ್ಮ ಬೀಗರ ಮನೆಯ ಹಳೆಯ ಪೆಟ್ಟಿಗೆಯಲ್ಲಿ ಗುಲಾಮರ ಹೆಸರಿನ ಪಟ್ಟಿ ಸಿಕ್ಕರೆ, ಮನೆತನದ ಮರ್ಯಾದೆ ಅಂತ ಒಳಗಿಡಬೇಡಿ. ಕಂಡದ್ದು ಕಂಡ ಹಾಗೆ ಹೇಳಿದರೆ ಕೆಂಡದಂಥ ಕೋಪ ಬರುತ್ತದೆ, ಬರಲಿ ಬಿಡಿ. ಪುಟಗಳ ಫೋಟೊ ತೆಗೆದು, ಅಲ್ಲಿನ ಗ್ರಂಥಾಲಯಕ್ಕೋ ದಾಖಲೆ ಸಂಗ್ರಹಕ್ಕೋ ಒಂದು ಪ್ರತಿ ಕೊಡಿಸಿ. ಜೆಫರ್ಸನ್ ತೀರಿಕೊಂಡ ಮರುವರ್ಷ, 1827ರ ಜನವರಿಯಲ್ಲಿ, ಸಾಲ ತೀರಿಸಲು ಮಾಂಟಿಚೆಲ್ಲೊದ 130 ಜನರನ್ನು ಹರಾಜಿಗಿಟ್ಟರು. ಗಂಡ ಒಂದು ಕಡೆ, ಮಕ್ಕಳು ಒಂದು ಕಡೆ ಆದರು. ಹಾಗೆ ಚದುರಿದವರ ಮೊಮ್ಮಕ್ಕಳ ಮಕ್ಕಳು ಇಂದಿಗೂ ಹುಡುಕುತ್ತಿದ್ದಾರೆ. ನಿಮಗೆ ಹಳೆಯ ಕಾಗದ, ಅವರಿಗೆ ಅಜ್ಜಿಯ ಹೆಸರು.

ಇವತ್ತೇ ಒಂದು ನೋಟುಪುಸ್ತಕ ತೆಗೆದುಕೊಳ್ಳಿ. ಹೆಸರು, ಎಲ್ಲಿ ಸಿಕ್ಕಿತು, ಯಾರು ಹೇಳಿದ್ದು, ಹೀಗೆ ಮೂರು ಅಂಕಣ ಎಳೆಯಿರಿ. ಕಾಗದ ಕಂಡಿದ್ದರೆ ಪೆನ್ನಿನಲ್ಲಿ, ಬರೀ ಕೇಳಿದ್ದಾದರೆ ಪೆನ್ಸಿಲಿನಲ್ಲಿ ಬರೆಯಿರಿ. ಧಣಿಯ ಹೆಸರು ಬರೆದ ಪುಟದಲ್ಲೇ ಆ ತೋಟದಲ್ಲಿ ದುಡಿದವರ ಹೆಸರಿಗೂ ಜಾಗ ಬಿಡಿ.